ಕುರ್ಚಿಯ ಅಹಂಕಾರ



ನಮ್ಮ ಸಂಕೇಶ್ವರದ ಪದವೀಧರ ತರುಣನೊಬ್ಬ ನೌಕರಿಯ ಸಂದರ್ಶನಕ್ಕೆಂದು ಬೆಳಿಗ್ಗೆ ಆರರ ಬಸ್ಸಿಗೆ ಬೆಳಗಾವಿಗೆ ಹೋಗಿದ್ದ. ತಂದೆ ಮೆಣಸಿನಕಾಯಿ ಅಡತಿಯಲ್ಲಿ ಹಮಾಲಿ ಮಾಡುವವರು. ಹತ್ತಕ್ಕೆ ಬರಹೇಳಿದ್ದ ಅಧಿಕಾರಿ ಒಳಗೆ ಕರೆದದ್ದು ಒಂದೂವರೆಗೆ. ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಸಂಕೇಶ್ವರದವನಿಗೆ ಮೆಣಸಿನಕಾಯಿ ಮಾರುವುದು ಬಿಟ್ಟು ಇದೇಕೆ ಎಂದು ನಕ್ಕರಂತೆ. ಫೋನಿನಲ್ಲಿ ಮಾತನಾಡುತ್ತಲೇ ಬಾಗಿಲಿನ ಕಡೆ ಕೈ ತೋರಿಸಿದರಂತೆ.

“ಚಾಚಾ, ನೌಕರಿ ಸಿಗಲಿಲ್ಲಂತ ಬ್ಯಾಸರಿಲ್ಲ. ಕುಂದ್ರು ಅಂತ ಒಂದ್ ಮಾತು ಅನ್ನಲಿಲ್ಲ” ಎಂದು ಅವನು ಅಸರ್ ನಮಾಝಿನ ಬಳಿಕ ಹೇಳಿದ.

ಅನ್ನ ಕೊಡುವವನು ಅಲ್ಲಾಹನು, ಆ ಅಧಿಕಾರಿಯಲ್ಲ ಎಂದೆ. ಮಾತು ಸತ್ಯವೇ. ಆದರೆ ಅವಮಾನಗೊಂಡವನಿಗೆ ಇಷ್ಟು ಹೇಳಿ ಕೈತೊಳೆದುಕೊಳ್ಳುವುದು ಬಹಳ ಸುಲಭ. ಆದ್ದರಿಂದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ)ರ ಪ್ರಸಂಗವನ್ನು ಹೇಳತೊಡಗಿದೆ.

ಮಕ್ಕಾದಲ್ಲಿ ಪ್ರವಾದಿವರ್ಯರು(ಸ) ಕುರೈಶ್ ಮುಖಂಡರೊಡನೆ ಮಾತಿನಲ್ಲಿ ಮಗ್ನರಾಗಿದ್ದರು. ಅಷ್ಟರಲ್ಲಿ ಅಂಧರಾದ ಈ ಸಹಾಬಿ ಧರ್ಮಜ್ಞಾನ ಕೇಳುತ್ತ ಬಂದರು. ಪ್ರವಾದಿವರ್ಯರ ಹುಬ್ಬು ಗಂಟಿಕ್ಕಿತು. ಅದರಲ್ಲಿ ಅಹಂಕಾರವಿರಲಿಲ್ಲ, ಆ ಮುಖಂಡರು ಸತ್ಯವನ್ನು ಸ್ವೀಕರಿಸಲಿ ಎಂಬ ಹಂಬಲವಿತ್ತು. ಬಂದವರಿಗೆ ಆ ಗಂಟು ಕಾಣುವಂತೆಯೂ ಇರಲಿಲ್ಲ! ಆದರೂ ಅಲ್ಲಾಹನು ‘ಅಬಸ’ ಅಧ್ಯಾಯವನ್ನು ಅವತೀರ್ಣಗೊಳಿಸಿ ತಿದ್ದಿದನು. ಮುಂದೆ ಮದೀನಾದಲ್ಲಿ ಬಿಲಾಲ್(ರ)ರೊಂದಿಗೆ ಇವರೂ ಮುಅಝ್ಝಿನ್ ಆದರು. ಪ್ರವಾದಿವರ್ಯರು(ಸ) ಊರಲ್ಲಿಲ್ಲದಾಗ ಮದೀನಾದ ಹೊಣೆಯನ್ನು ಇವರಿಗೆ ಒಪ್ಪಿಸಿದ್ದೂ ಉಂಟು.

ಒಳ್ಳೆಯ ಬಟ್ಟೆ, ಒಳ್ಳೆಯ ಪಾದರಕ್ಷೆ ಬಯಸುವುದು ಅಹಂಕಾರವೇ ಎಂದು ಒಬ್ಬರು ಕೇಳಿದಾಗ ಪ್ರವಾದಿವರ್ಯರು(ಸ) ಅಲ್ಲವೆಂದರು. ಸತ್ಯವನ್ನು ತಳ್ಳಿಹಾಕುವುದು ಮತ್ತು ಜನರನ್ನು ತುಚ್ಛವಾಗಿ ಕಾಣುವುದೇ ಅಹಂಕಾರವೆಂದು ತಿಳಿಸಿದರು. ಆ ಅಧಿಕಾರಿಯ ಕೋಟು, ಮೇಜು, ಹವಾನಿಯಂತ್ರಿತ ಕೋಣೆ ಯಾವುದೂ ದೋಷವಲ್ಲ. ಆ ನಗು ಮಾತ್ರ ದೋಷ.

ಇಷ್ಟು ಹೇಳುವಾಗ ನನ್ನ ನಾಲಿಗೆ ತಡವರಿಸಿತು. ಕೆಲವು ವರ್ಷಗಳ ಹಿಂದೆ ನಮ್ಮ ಜಮಾಅತ್ ಕಮಿಟಿಯ ಮುಂದೆ ಮುಅಝ್ಝಿನ್ ಕೆಲಸ ಕೇಳಿಕೊಂಡು ಒಬ್ಬ ಹಿರಿಯರು ಬಂದಿದ್ದರು. ಐವರು ಸದಸ್ಯರು ಕುರ್ಚಿಗಳಲ್ಲಿ ಕುಳಿತಿದ್ದೆವು, ಅವರು ನಿಂತಿದ್ದರು. ಅಝಾನ್ ಹೇಳಿಸಿದೆವು, ನಡುವೆಯೇ ಸಾಕೆಂದು ನಿಲ್ಲಿಸಿದೆವು. ಸಂಬಳ ಎಷ್ಟು ಬೇಕೆಂದು ಕೇಳಿ, ಅವರು ಹೇಳಿದ ಮೊತ್ತಕ್ಕೆ ನಕ್ಕವನು ನಾನೇ. ಅವರು ಸಲಾಮ್ ಹೇಳಿ ಹೊರಟುಹೋದರು. ನಮ್ಮಲ್ಲಿ ಎಷ್ಟು ಜನ ಜವಾಬು ಕೊಟ್ಟೆವೋ ನೆನಪಿಲ್ಲ.

ಅಲ್ಲಾಹನ ಹಕ್ಕಿನಲ್ಲಾದ ತಪ್ಪಿಗೆ ತೌಬಾದ ಬಾಗಿಲು ತೆರೆದಿದೆ. ದಾಸರ ಹಕ್ಕನ್ನಾದರೋ ಆ ದಾಸನೇ ಮನ್ನಿಸಬೇಕು. ಆ ಹಿರಿಯರು ಈಗ ನಿಪ್ಪಾಣಿ ಕಡೆಯ ಹಳ್ಳಿಯೊಂದರಲ್ಲಿ ಇದ್ದಾರೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ.

ಹುಡುಗನಿಂದ ಇದನ್ನು ಮುಚ್ಚಿಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಯಾವಾಗ ಹೋಗೂಣ್ರಿ ಚಾಚಾ? ನಾನೂ ಬರ್ತೀನಿ” ಎಂದ. ಈ ಭಾನುವಾರ ಫಜ್ರ್ ಮುಗಿಸಿ ಹೊರಡುವುದೆಂದು ನಿಶ್ಚಯಿಸಿದ್ದೇವೆ.