ಅನುಮಾನದ ಸುಂಕ ಯಾರು ಕಟ್ಟಬೇಕು?

2020ರ ಮಾರ್ಚ್ 4ರಂದು ಹೈದರಾಬಾದಿನ ಮಾದಾಪುರದಲ್ಲಿ, ಮೈಂಡ್‌ಸ್ಪೇಸ್ ಐಟಿ ಆವರಣದ ಒಂದು ಕಟ್ಟಡದಲ್ಲಿದ್ದ ಕಂಪನಿಗಳು ನೌಕರರನ್ನು ಮನೆಗೆ ಕಳಿಸಿದವು. ಅಲ್ಲಿನ ಉದ್ಯೋಗಿಯೊಬ್ಬರಿಗೆ ಕೊರೊನಾ ತಗುಲಿರಬಹುದೆಂಬ ಶಂಕೆ ಎದ್ದಿತ್ತು. ದುಬೈಯಿಂದ ಬೆಂಗಳೂರಿಗೆ ಬಂದು, ಬಸ್ಸಿನಲ್ಲಿ ಹೈದರಾಬಾದಿಗೆ ಹೋದ ಯುವಕನೊಬ್ಬನಿಗೆ ಸೋಂಕಿದೆಯೆಂದು ಆಗಷ್ಟೇ ಖಚಿತವಾಗಿತ್ತು. ಮಾದಾಪುರದ ಶಂಕಿತರ ಮಾದರಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಹೋಯಿತು. ಫಲಿತಾಂಶ: ಸೋಂಕಿಲ್ಲ.

ಹಾಗಾದರೆ ಕಟ್ಟಡ ಖಾಲಿ ಮಾಡಿಸಿದ್ದು ತಪ್ಪೇ? ಉತ್ತರ ಕಲಬುರಗಿಯಲ್ಲಿದೆ. ಸೌದಿಯಿಂದ ಮರಳಿದ್ದ ಅಲ್ಲಿನ 76 ವರ್ಷದ ಹಿರಿಯರೊಬ್ಬರನ್ನು ಚಿಕಿತ್ಸೆಗೆಂದು ಇದೇ ಹೈದರಾಬಾದಿಗೆ ಒಯ್ದು ವಾಪಸು ತರಲಾಯಿತು. ಮಾರ್ಚ್ 10ರಂದು ಅವರು ತೀರಿಕೊಂಡರು. ಸೋಂಕು ದೃಢಪಟ್ಟದ್ದು 12ರಂದು. ದೇಶದ ಮೊದಲ ಕೊರೊನಾ ಸಾವು ಅದು. ಒಂದೆಡೆ ಅನುಮಾನ ಹುಸಿಯಾಯಿತು, ಇನ್ನೊಂದೆಡೆ ಖಚಿತತೆ ಸಾವಿನ ಬೆನ್ನಿಗೆ ಬಂತು. ಪುರಾವೆ ಕೈಸೇರುವ ತನಕ ಕಾಯುತ್ತೇವೆ ಎನ್ನುವುದೂ ಒಂದು ತೀರ್ಮಾನವೇ, ಅದಕ್ಕೂ ಬೆಲೆಯಿದೆ.

ಕಾಯಬಾರದು, ನಿಜ. ಆದರೆ ತಿಳಿಯದೆ ಹೇರುವ ಕಟ್ಟುಪಾಡು ತನ್ನ ತಿಳಿಯದಿರುವಿಕೆಯನ್ನು ಬಚ್ಚಿಡಬಾರದು. ಹದಿನಾಲ್ಕು ದಿನದ ಕ್ವಾರಂಟೈನ್ ನೋಡಿ. ಸೋಂಕು ತಗುಲಿ ಲಕ್ಷಣ ಕಾಣಲು ಸಾಮಾನ್ಯವಾಗಿ ಐದು ದಿನ ಸಾಕೆಂದೂ, ನೂರಕ್ಕೆ ಒಬ್ಬರಲ್ಲಿ ಹದಿನಾಲ್ಕು ದಿನ ಕಳೆದ ಮೇಲೆ ಕಾಣಿಸಬಹುದೆಂದೂ 2020ರ ಮಾರ್ಚ್‌ನಲ್ಲೇ ಸಂಶೋಧಕರು ಅಂದಾಜಿಸಿದ್ದರು. ಆ ಒಬ್ಬರ ಅಪಾಯವನ್ನು ಸಹಿಸೋಣ ಎಂದು ಒಪ್ಪಿಕೊಂಡದ್ದು ಸಮಾಜ. ಅಂಕಿ ವಿಜ್ಞಾನದ್ದು, ಒಪ್ಪಿಗೆ ನಮ್ಮದು.

'ಗೊತ್ತಿಲ್ಲ' ಎಂದರೆ ಜನ ದಿಕ್ಕೆಡುತ್ತಾರೆ ಎನ್ನುವವರಿದ್ದಾರೆ. ಆದರೆ ಹುಸಿ ಖಚಿತತೆಗೂ ಬೆಲೆ ತೆರಬೇಕಾಗುತ್ತದೆ. ಅದೇ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಈ ರೋಗ ಗಾಳಿಯಲ್ಲಿ ಹರಡುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿ, ಮುಂದೆ ಆ ಮಾತಿನಿಂದ ಹಿಂದೆ ಸರಿಯಬೇಕಾಯಿತು. ಇನ್ನೂ ಹಿಂದೆ, 1898ರಲ್ಲಿ, ಪ್ಲೇಗು ಇಲಿಯ ಚಿಗಟದಿಂದ ಬರುತ್ತದೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ತೋರಿಸಿದರೂ ವರ್ಷಗಟ್ಟಲೆ ಹೆಚ್ಚಿನವರು ನಂಬಲಿಲ್ಲ. ಅದೇ ವರ್ಷ ಶ್ರೀರಂಗಪಟ್ಟಣದ ಗಂಜಾಂನಲ್ಲಿ, ರೋಗ ಹರಡುವ ಬಗೆ ತಿಳಿಯದೆ ಹೇರಿದ ಪ್ಲೇಗಿನ ಕಟ್ಟಳೆಗಳ ವಿರುದ್ಧ ಜನ ದಂಗೆಯೆದ್ದರು. ಇತ್ತ ನಮ್ಮ ಹಳ್ಳಿಗರು ಇಲಿ ಸತ್ತು ಬಿದ್ದೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಚಿಗಟದ ಕಥೆ ಅವರಿಗೂ ತಿಳಿದಿರಲಿಲ್ಲ. ಆದರೂ ಬಾಳಿ ಕಂಡದ್ದನ್ನು ನಂಬಿ, ಕಷ್ಟವನ್ನು ಊರಿಗೆ ಊರೇ ಹಂಚಿಕೊಂಡು ಹೊರಟಿತ್ತು.

ಮಾದಾಪುರದಲ್ಲಿ ಕಷ್ಟ ಹಾಗೆ ಹಂಚಿಹೋಗಲಿಲ್ಲ. ಲ್ಯಾಪ್‌ಟಾಪ್ ಇದ್ದವರ ಕೆಲಸ ಅವರ ಜೊತೆಗೇ ಮನೆಗೆ ಹೋಯಿತು. ಅವರನ್ನು ನೆಚ್ಚಿಕೊಂಡ ಟೀ ಅಂಗಡಿಯವನು, ಕ್ಯಾಬ್ ಓಡಿಸುವವನು ಆ ದುಡಿಮೆಯನ್ನು ಮನೆಗೆ ಒಯ್ಯುವಂತಿರಲಿಲ್ಲ. ಕರ್ನಾಟಕದಲ್ಲಿ ಕ್ವಾರಂಟೈನ್ ಆದವರ ಕೈಮೇಲೆ ಶಾಯಿಯ ಮುದ್ರೆ ಒತ್ತಿದರು. ಅಪರಾಧ ಮಾಡದವನ ಮೈಮೇಲೆ ಗುರುತು ಹಾಕುವ ಸರ್ಕಾರಕ್ಕೆ ಅವನ ಮನೆಯ ಒಲೆ ಉರಿಯುತ್ತಿದೆಯೇ ಎಂದು ನೋಡುವ ಹೊಣೆಯೂ ಇದೆ.

ಒಳಗಿರು ಎಂದು ಹೇಳುವವರು ಮೂರು ಮಾತು ಸೇರಿಸಿ ಹೇಳಲಿ: ನಮಗೆ ಏನು ಗೊತ್ತಿಲ್ಲ, ಈ ಆಜ್ಞೆಯನ್ನು ಯಾವತ್ತು ಮತ್ತೆ ಪರಿಶೀಲಿಸುತ್ತೇವೆ, ಅಲ್ಲಿಯವರೆಗಿನ ನಿನ್ನ ಕೂಲಿಯನ್ನು ಯಾರು ಕೊಡುತ್ತಾರೆ. ಊರಿನ ಅನುಮಾನಕ್ಕಾಗಿ ಬಾಗಿಲು ಹಾಕಿಕೊಂಡವನಿಗೆ ಆ ಕೂಲಿ ಭಿಕ್ಷೆಯಲ್ಲ, ಊರು ತೀರಿಸಬೇಕಾದ ಸಾಲ.