ಕೂಸಿಗಿಂತ ಮೊದಲು ಕುಲಾವಿ

"ಕೂಸು ಹುಟ್ಟೂ ಮೊದಲ ಕುಲಾವಿ ಹೊಲಿಸಿದ್ರಂತ" ಎಂಬ ಮಾತನ್ನು ಈ ಮೂರು ತಿಂಗಳಲ್ಲಿ ನಮ್ಮ ಮನೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆಡುವವಳು ನನ್ನ ಹೆಂಡತಿ. ಮಗಳು ಚೊಚ್ಚಲ ಹೆರಿಗೆಗೆಂದು ಹೈದರಾಬಾದಿಗೆ, ತವರಿಗೆ ಬಂದಿದ್ದಾಳೆ. ಬರಲಿರುವ ಕೂಸಿನ ಆಟದ ಸಾಮಾನು ಇಡಲು ನಾನು ಕೈಯಾರೆ ಒಂದು ಕಟ್ಟಿಗೆ ಪೆಟ್ಟಿಗೆ ಮಾಡಿದ್ದೇನೆ. ಗಾದೆ ಹೇಳಿದರೂ ಆಕೆ ಬೇಡ ಎನ್ನಲಿಲ್ಲ. ಒಂದು ಕರಾರು ಹಾಕಿದಳು: ಹೆರಿಗೆ ಆಗುವ ತನಕ ಪೆಟ್ಟಿಗೆ ನಮ್ಮ ಹೊಸ್ತಿಲು ದಾಟಬಾರದು.

ನಮ್ಮದು ಕೊಪ್ಪಳದ ಕಡೆಯ ಮನೆತನ. ನಮ್ಮಲ್ಲಿ ತೊಟ್ಟಿಲು ತವರಿನವರದು. ಮನೆಯಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲೊಂದಿದೆ. ಅದರ ಹಲಗೆಗಳ ಮೇಲೆ ಬಾಲಕೃಷ್ಣನ ಚಿತ್ರಗಳು. ನಾನು ಮಲಗಿದ್ದು ಅದರಲ್ಲೇ, 1993ರಲ್ಲಿ ಮಗಳು ಮಲಗಿದ್ದೂ ಅದರಲ್ಲೇ. ಅಕ್ಕ ತಂಗಿಯರ ಮನೆ, ಚಿಕ್ಕಪ್ಪನ ಮನೆ ಎಂದು ಸುತ್ತಾಡಿ ಈಗ ಕಾಚಿಗುಡದ ನಮ್ಮ ಮನೆಗೆ ಮರಳಿ ಬಂದಿದೆ. ತೊಟ್ಟಿಲು ಇಡೀ ಮನೆತನದ ಆಸ್ತಿ, ಪ್ರತಿಯೊಂದು ಕೂಸೂ ಅದರಲ್ಲಿ ಕೆಲವು ತಿಂಗಳ ಅತಿಥಿ. ಹುಟ್ಟಿದ ಮಗುವಿಗೆ ತನ್ನದೇ ಎಂಬ ಒಂದು ಜಾಗ ಬೇಕಲ್ಲವೇ ಎಂದು ನನಗೆ ಅನ್ನಿಸಿದ್ದರಿಂದ ಈ ಪೆಟ್ಟಿಗೆ.

ಕಟ್ಟಿಗೆ ಸಿಕ್ಕಿದ್ದು ಮುಶೀರಾಬಾದಿನಲ್ಲಿ. ಹೈದರಾಬಾದಿನ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಅವುಗಳ ಬಾಗಿಲು, ಚೌಕಟ್ಟು, ಕಿಟಕಿಗಳು ಹಳೆ ಸಾಮಾನಿನ ಅಂಗಡಿಗಳಲ್ಲಿ ಗೋಡೆಗೊರಗಿ ನಿಂತಿರುತ್ತವೆ. ಅಂಥ ಒಂದು ಸಾಗವಾನಿ ಬಾಗಿಲಿನ ಎರಡು ಹಲಗೆ ಕೊಂಡೆ. ಅಗುಳಿ ಕೂತ ಜಾಗದಲ್ಲಿ ಕಟ್ಟಿಗೆ ಸವೆದು ಬೆರಳು ಹಿಡಿಯುವಷ್ಟು ತಗ್ಗಾಗಿತ್ತು. ಆ ತಗ್ಗು ಕಂಡೇ ಅದನ್ನು ಆರಿಸಿದೆ. ಎಷ್ಟು ಕೈಗಳು ಆ ಬಾಗಿಲು ಹಾಕಿ ತೆಗೆದಿದ್ದವೋ. ಅಡ್ಡ ಕೊಯ್ದ ತುದಿಯಲ್ಲಿ ವರ್ಷದ ಗೆರೆಗಳನ್ನು ಎಣಿಸಿದೆ, 23 ಸಿಕ್ಕವು. ಸಾಗವಾನಿಯಲ್ಲಿ ಈ ಗೆರೆಗಳು ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ. 23 ಮಳೆಗಾಲ ನನ್ನ ಅಂಗೈ ಅಗಲದಲ್ಲಿ ಮಡಚಿಕೊಂಡು ಕೂತಿದ್ದವು.

ಆ ಗೆರೆಗಳನ್ನು ನೋಡುತ್ತ ಕೂತಾಗ, ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತಿದ್ದ ಒಂದು ಸಂಗತಿ ನೆನಪಾಯಿತು. ಸುಮಾರು 400 ವರ್ಷಗಳ ಹಿಂದೆ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಎಂಬ ಪಂಡಿತ ಒಂದು ಪ್ರಯೋಗ ಮಾಡಿದ. ಒಲೆಯಲ್ಲಿ ಒಣಗಿಸಿದ 200 ಪೌಂಡ್ ಮಣ್ಣನ್ನು ಕುಂಡದಲ್ಲಿ ತುಂಬಿ, 5 ಪೌಂಡ್ ತೂಕದ ವಿಲೋ ಸಸಿ ನೆಟ್ಟು, 5 ವರ್ಷ ಬರಿ ನೀರುಣಿಸಿದ. ಕಿತ್ತು ತೂಗಿದಾಗ ಗಿಡ 169 ಪೌಂಡ್ ಆಗಿತ್ತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದ; ಕಡಿಮೆಯಾಗಿದ್ದು 2 ಔನ್ಸು ಮಾತ್ರ, ಅಂದರೆ 60 ಗ್ರಾಮಿಗೂ ಕಡಿಮೆ. ಮರ ಮಣ್ಣನ್ನು ತಿಂದು ಬೆಳೆಯುವುದಿಲ್ಲ, ನೀರೇ ಮರವಾಗುತ್ತದೆ ಎಂದು ಅವನು ತೀರ್ಮಾನಿಸಿದ. ಇದು ಅಚ್ಚಾಗಿದ್ದು 1648ರಲ್ಲಿ, ಅವನು ತೀರಿಕೊಂಡ ಮೇಲೆ.

ನೀರು ಎಂಬ ಉತ್ತರ ಅರ್ಧ ಮಾತ್ರ ನಿಜ. ಒಣ ಕಟ್ಟಿಗೆಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಇಂಗಾಲ, ಆ ಇಂಗಾಲವೆಲ್ಲ ಎಲೆಗಳು ಗಾಳಿಯಿಂದ ಹೀರಿಕೊಂಡದ್ದು. ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ ವಿಷಯ ಇನ್ನೊಂದಿದೆ. 'ಗ್ಯಾಸ್' ಎಂಬ ಪದವನ್ನು ಹುಟ್ಟಿಸಿದವನು ಇದೇ ಹೆಲ್ಮಾಂಟ್. ಇದ್ದಿಲು ಸುಟ್ಟಾಗ ಹೊರಡುವ ಅನಿಲವನ್ನು ಗುರುತಿಸಿ ಅದಕ್ಕೆ ಕಾಡಿನ ಗ್ಯಾಸ್ ಎಂಬರ್ಥದ ಹೆಸರನ್ನೂ ಇಟ್ಟಿದ್ದ. ಕಟ್ಟಿಗೆ ಉರಿದು ಯಾವ ಗಾಳಿಯಾಗುತ್ತದೋ ಅದೇ ಗಾಳಿ ಸೇರಿ ಕಟ್ಟಿಗೆಯಾಗಿತ್ತು. ಒಂದು ಕೈಯಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಉತ್ತರ ಹಿಡಿದು ನಿಂತಿದ್ದ ಆ ಮನುಷ್ಯನಿಗೆ ಎರಡನ್ನೂ ಕೂಡಿಸಲು ಆಗಲಿಲ್ಲ. ಅವನ ಬಗ್ಗೆ ನನಗೆ ಅಪಾರ ಗೌರವ. 5 ವರ್ಷ ಒಂದು ಕುಂಡಕ್ಕೆ ನೀರು ಹಾಕುತ್ತ ಕಾಯುವುದು ಬೆರಗಿನ ಬಲವಿಲ್ಲದೆ ಆಗುವ ಕೆಲಸವಲ್ಲ.

ನನ್ನ ಪೆಟ್ಟಿಗೆ 14 ಕಿಲೋ ತೂಗುತ್ತದೆ. ಅದರಲ್ಲಿ 6-7 ಕಿಲೋ ಯಾವುದೋ ಕಾಡಿನ ಮೇಲೆ ಬೀಸಿದ ಗಾಳಿ. ಆ ಗಾಳಿ ಗಟ್ಟಿಯಾಗಿ, ಬಾಗಿಲಾಗಿ, ಈಗ ಐದು ಹಲಗೆಯಾಗಿ ನಡುವೆ ಒಂದಿಷ್ಟು ಬರಿ ಗಾಳಿಯನ್ನು ಸುತ್ತುವರಿದು ನಿಂತಿದೆ. ಪೆಟ್ಟಿಗೆ ಮಾಡುವುದು ಎಂದರೆ ಇಷ್ಟೇ. ನಾವು ಮಾಡುವುದು ಹಲಗೆಗಳನ್ನು. ಮಗುವಿಗೆ ಬೇಕಿರುವುದು ಹಲಗೆಗಳ ನಡುವೆ ಉಳಿದ ಖಾಲಿ.

ನನಗೆ ಕೆಲಸ ಕಲಿಸಿದ ಉಸ್ತಾದರ ಅಂಗಡಿ ಒಂದು ಗಲ್ಲಿಯ ಕೊನೆಗಿದೆ. ಹೆಚ್ಚುಕಡಿಮೆ ನನ್ನ ವಯಸ್ಸಿನವರೇ. ದಖನಿಯಲ್ಲಿ ಮಾತು, ಅದೂ ಕಡಿಮೆ. ಮೊದಲ ದಿನ ನಾನು ಮೊಳೆಯ ಪೊಟ್ಟಣ ತೆಗೆದುಕೊಂಡು ಹೋದಾಗ ಹೇಳಿದ್ದು ಎರಡೇ ಶಬ್ದ: "ಮೊಳಾ ನಕ್ಕೋ." ಕೂಸು ಆಡುವ ವಸ್ತುವಿನಲ್ಲಿ ಕಬ್ಬಿಣ ಇರಬಾರದು ಎಂಬುದು ಅವರ ನಿಯಮ. ಕೈಬೆರಳಿಗೆ ಕೈಬೆರಳು ಹೆಣೆದ ಹಾಗೆ ಹಲಗೆಯ ಅಂಚುಗಳಲ್ಲಿ ಹಲ್ಲು ಕೊರೆದು ಒಂದರೊಳಗೊಂದು ಕೂಡಿಸುವುದನ್ನು ಕಲಿಸಿದರು. ಒಂದು ಮೂಲೆಗೆ ಏಳು ಹಲ್ಲು. ಮೊದಲ ಮೂಲೆ ನನಗೆ ನಾಲ್ಕು ಭಾನುವಾರ ತೆಗೆದುಕೊಂಡಿತು. ಮೂಲೆ ಅಳೆಯುವ ಗುಣ್ಯಾ ಇಟ್ಟು ನೋಡಿದರೆ ಕೂದಲೆಳೆಯಷ್ಟು ವಾರೆ. ತಳದ ಹಲಗೆಯನ್ನು ಬಿಗಿಯಾಗಿ ಕೂಡಿಸಲು ಹೋದಾಗ ನನ್ನ ಕೈ ಹಿಡಿದು ನಿಲ್ಲಿಸಿದರು. ಕಟ್ಟಿಗೆ ಮಳೆಗಾಲದಲ್ಲಿ ಅಗಲಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ; ಉದ್ದಕ್ಕೆ ಹೆಚ್ಚೂಕಡಿಮೆ ಅಲುಗುವುದೇ ಇಲ್ಲ. ಅದಕ್ಕೆ ಸುತ್ತ ತೋಡು ಕೊರೆದು, ಅಂಟು ಹಾಕದೆ, ಹಲಗೆಯನ್ನು ಅದರೊಳಗೆ ಸಡಿಲವಾಗಿ ಕೂರಿಸಬೇಕು. ಕಡಿದು ಎಷ್ಟೋ ದಶಕಗಳಾದ ಮರ ಇನ್ನೂ ಮಳೆಗಾಲವನ್ನು ಗುರುತು ಹಿಡಿಯುತ್ತದೆ ಎಂಬುದು ಅವರಿಗೆ ದಿನನಿತ್ಯದ ಮಾತು. ನನಗೆ ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಏಳು ತಿಂಗಳಾಗಿದ್ದಾಗ ಮಗಳು ಒಂದು ದಿನ ಅಂಗಡಿಗೆ ಬಂದಳು. ಉಸ್ತಾದರು ಸ್ಟೂಲು ಒರೆಸಿ ಕೂರಲು ಕೊಟ್ಟರು. ನಾನು ಎರಡನೆಯ ಮೂಲೆಯ ಹಲ್ಲುಗಳನ್ನು ಸೇರಿಸಿ ಕೊಡತಿಯಿಂದ ಒಂದು ಏಟು ಹಾಕಿದೆ. "ಅಪ್ಪಾ!" ಎಂದು ಕೂಗಿ ಆಕೆ ಹೊಟ್ಟೆಯ ಮೇಲೆ ಕೈಯಿಟ್ಟಳು. ಏನಾಯಿತೋ ಎಂದು ಗಾಬರಿಯಿಂದ ನೋಡಿದರೆ ನಗುತ್ತಿದ್ದಾಳೆ. "ಬೆಚ್ಚಿಬಿತ್ತಪ್ಪಾ. ಇನ್ನೊಮ್ಮೆ ಬಡಿ, ಮೆಲ್ಲಕ." ಮೆಲ್ಲಗೆ ಬಡಿದೆ. ಒಳಗಿನಿಂದ ಒಂದು ಒದೆತ. ಆರೇಳು ತಿಂಗಳು ತುಂಬುವ ಹೊತ್ತಿಗೆ ಗರ್ಭದಲ್ಲಿನ ಕೂಸಿಗೆ ಹೊರಗಿನ ಸದ್ದು ಕೇಳುತ್ತದೆ ಎಂದು ಓದಿದ್ದೆ. ಓದುವುದು ಬೇರೆ, ಮಗಳ ಸೀರೆಯ ನೆರಿಗೆ ಅಲುಗುವುದನ್ನು ಕಣ್ಣಾರೆ ನೋಡುವುದು ಬೇರೆ. ಉಸ್ತಾದರು ಕೆಲಸ ನಿಲ್ಲಿಸಿ ತಲೆಯ ಮೇಲಿನ ಟೋಪಿ ಸರಿಪಡಿಸಿಕೊಂಡರು. ಕೂಸಿಗೆ ಪೆಟ್ಟಿಗೆ ಏನೆಂದು ಗೊತ್ತಿಲ್ಲ, ಕಟ್ಟಿಗೆ ಗೊತ್ತಿಲ್ಲ, ಬೆಳಕನ್ನೇ ಕಂಡಿಲ್ಲ. ಆದರೂ ತನ್ನ ಪೆಟ್ಟಿಗೆಯ ಸದ್ದನ್ನು ಕೇಳಿ ಉತ್ತರ ಕೊಟ್ಟಿತು.

ಆ ರಾತ್ರಿ ಹೆಂಡತಿಗೆ ಇದನ್ನು ಹೇಳುತ್ತಿದ್ದಾಗ ಮಾತು ಇನ್ನೂ ಆಳಕ್ಕೆ ಹೋಯಿತು. ಹೆಣ್ಣುಕೂಸು ತಾಯಿಯ ಗರ್ಭದಲ್ಲಿರುವಾಗಲೇ ಅದರ ಅಂಡಗಳು ರೂಪುಗೊಂಡಿರುತ್ತವೆ. ಅಂದರೆ ಈಗ ಒದೆಯುತ್ತಿರುವ ಈ ಜೀವದ ಅರ್ಧ ಬೀಜ 1993ರಲ್ಲೇ, ಮಗಳು ಹುಟ್ಟುವ ಮೊದಲೇ, ನನ್ನ ಹೆಂಡತಿಯ ಒಡಲಲ್ಲಿತ್ತು. ಅಜ್ಜಿಯೊಳಗೆ ತಾಯಿ, ತಾಯಿಯೊಳಗೆ ಕೂಸಿನ ಮೊದಲ ಕಣ. ಡಬ್ಬಿಯೊಳಗೆ ಡಬ್ಬಿ. ಆಕೆ ತುಸು ಹೊತ್ತು ಸುಮ್ಮನಿದ್ದು, "ಹಂಗಾದ್ರ ನಾನೂ ಹೊತ್ತೀನಿ ಅದನ್ನ" ಅಂದಳು. ಅಂದಿನಿಂದ ಕುಲಾವಿಯ ಗಾದೆ ಕಡಿಮೆಯಾಗಿದೆ.

ಒಳಗೆ ಅಡಗಿದ್ದರ ಬೆರಗು ಮಗಳಿಗೆ ಚಿಕ್ಕಂದಿನಲ್ಲೇ ಇತ್ತು. ಆಕೆ ನೃಪತುಂಗ ಶಾಲೆಯಲ್ಲಿ ಓದುತ್ತಿದ್ದಾಗ ರಜೆಗೊಮ್ಮೆ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋಗಲೇಬೇಕಿತ್ತು. ಕೊಪ್ಪಳ ನಿಜಾಮರ ಕಾಲದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ನಮ್ಮ ಮುತ್ತಜ್ಜ ಕಟ್ಟಿದ ಕಂದಾಯದ ಒಂದು ಕಾಸಾದರೂ ಅಲ್ಲಿ ಸೇರಿದ್ದೀತು ಎಂದು ನಾನು ಪ್ರತಿ ಸಲ ಅಂದುಕೊಳ್ಳುತ್ತೇನೆ. ದೊಡ್ಡವರು ಶಿಲ್ಪಿ ಬೆಂಜೋನಿ ಕೆತ್ತಿದ ರೆಬೆಕ್ಕಾಳ ಮೂರ್ತಿಯ ಮುಂದೆ ನಿಲ್ಲುತ್ತಾರೆ. ಅಮೃತಶಿಲೆಯ ಮುಸುಕು, ಮುಸುಕಿನ ಹಿಂದೆ ಅದೇ ಶಿಲೆಯ ಮುಖ. ಮಕ್ಕಳು ಮಾತ್ರ ಗಡಿಯಾರದ ಮುಂದೆ. ಗಂಟೆ ಬಾರಿಸುವ ಹೊತ್ತಿಗೆ ಒಳಗಿನಿಂದ ಗಡ್ಡದ ಪುಟ್ಟ ಮನುಷ್ಯನೊಬ್ಬ ಹೊರಬಂದು, ಗಂಟೆ ಬಾರಿಸಿ, ಮರಳಿ ಒಳಗೆ ಹೋಗುತ್ತಾನೆ. ಇಡೀ ಅಂಗಳ ಉಸಿರು ಬಿಗಿಹಿಡಿದು ಕಾಯುತ್ತದೆ. ಮೂರನೆಯ ಸಲ ಹೋದಾಗ, ಬಂದವನ ಕಡೆಗೆ ಮಗಳ ಗಮನ ಅಷ್ಟಿರಲಿಲ್ಲ. ಅವನು ಹೋದ ಮೇಲೆ ಕೇಳಿದಳು: "ಈಗ ಒಳಗ ಏನ್ ಮಾಡ್ತಿರ್ತಾನ?" ಆಗ ನಾನು ಏನೋ ಹೇಳಿ ತೇಲಿಸಿದೆ. ಬೆರಗೆಂದರೆ ಆ ಪ್ರಶ್ನೆಯೇ ಎಂದು ಈಗ ತಿಳಿಯುತ್ತಿದೆ. ಕಾಣದಾದ ಮೇಲೂ ಇದ್ದಾನೆ ಎಂಬುದು ಆಕೆಗೆ ಆಗಲೇ ಗೊತ್ತಿತ್ತು.

ಅದು ಹುಟ್ಟಿನಿಂದಲೇ ಗೊತ್ತಿರುತ್ತದೆಯೇ? ಮನಶ್ಶಾಸ್ತ್ರಜ್ಞ ಜ್ಯಾಂ ಪಿಯಾಜೆ ತನ್ನ ಮೂವರು ಮಕ್ಕಳನ್ನು ನೋಡುತ್ತ ಕೂತು ಬರೆದಿಟ್ಟಿದ್ದಾನೆ: ಸುಮಾರು ಎಂಟು ತಿಂಗಳ ತನಕ ಆಟಿಕೆಯ ಮೇಲೆ ಬಟ್ಟೆ ಮುಚ್ಚಿದರೆ ಕೂಸು ಹುಡುಕುವುದಿಲ್ಲ, ಅದು ಇಲ್ಲವೇ ಇಲ್ಲ ಎಂಬಂತೆ ಬೇರೆ ಕಡೆ ತಿರುಗುತ್ತದೆ. ಆದರೆ 1985ರಲ್ಲಿ ರೆನೆ ಬೇಯರ್ಜನ್ ಎಂಬ ಸಂಶೋಧಕಿ ಮತ್ತು ಸಂಗಡಿಗರು ಐದು ತಿಂಗಳ ಕೂಸುಗಳ ಮುಂದೆ ಒಂದು ಪೆಟ್ಟಿಗೆ ಇಟ್ಟು, ಅದರ ಮುಂದೆ ಮಗುಚುವ ಹಲಗೆಯೊಂದನ್ನು ನಿಲ್ಲಿಸಿದರು. ಹಲಗೆ ಹಿಂದಕ್ಕೆ ಮಗುಚಿ ಪೆಟ್ಟಿಗೆಗೆ ತಾಗಿ ನಿಂತರೆ ಕೂಸುಗಳು ಸ್ವಲ್ಪ ಹೊತ್ತು ನೋಡಿದವು. ಪೆಟ್ಟಿಗೆಯೇ ಇಲ್ಲ ಎಂಬಂತೆ ಹಲಗೆ ಪೂರ್ತಿ ಮಗುಚಿಬಿದ್ದರೆ ಹೆಚ್ಚು ಹೊತ್ತು ಕಣ್ಣು ನೆಟ್ಟು ನೋಡಿದವು. ಕೈ ಚಾಚಿ ಹುಡುಕಲು ಬರುವ ಎಷ್ಟೋ ಮೊದಲೇ ಕಣ್ಣು ಅಚ್ಚರಿಪಡಲು ಕಲಿತಿತ್ತು. ಸೆರಗಿನಲ್ಲಿ ಮುಖ ಮುಚ್ಚಿ ಫಕ್ಕನೆ ತೆಗೆದು ಕೂಸನ್ನು ನಗಿಸುವ ನಮ್ಮ ಅಜ್ಜಿಯರೆಲ್ಲ ಈ ಪಾಠ ಮಾಡಿದವರೇ.

ಈ ಓದೇ ಮುಚ್ಚಳದ ವಿಷಯದಲ್ಲಿ ನನ್ನನ್ನು ಇಕ್ಕಟ್ಟಿಗೆ ಸಿಲುಕಿಸಿತು. ಮುಚ್ಚಳ ಬೇಕೇ ಬೇಕು. ಮುಚ್ಚಿ ತೆಗೆಯುವ ಸುಖ ಇಲ್ಲದಿದ್ದರೆ ಅದು ಪೆಟ್ಟಿಗೆಯೇ ಅಲ್ಲ. ಆದರೆ ಬಿಜಾಗರಿ ಹಾಕಿದ ಭಾರದ ಮುಚ್ಚಳ ಒಳಗೆ ಬಗ್ಗಿದ ಕೂಸಿನ ಕತ್ತಿನ ಮೇಲೆ ಬೀಳಬಹುದು. ಮಕ್ಕಳು ಆಟಿಕೆ ತುಂಬುವ ಮೊದಲು ತಾವೇ ಪೆಟ್ಟಿಗೆಯೊಳಗೆ ಇಳಿದು ಕೂರುತ್ತಾರೆ, ಮುಚ್ಚಿಕೊಂಡರೆ ಉಸಿರು ಕಟ್ಟಬಹುದು. ಇವೆರಡರಿಂದಲೂ ಮಕ್ಕಳು ಸತ್ತಿದ್ದಾರೆ. ಪೆಟ್ಟಿಗೆ ಮಾಡುವ ಅಜ್ಜಂದಿರೆಲ್ಲ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ನಾನು ಬಿಜಾಗರಿ, ಚಿಲಕ ಎರಡನ್ನೂ ಬಿಟ್ಟೆ. ಮುಚ್ಚಳ ಎರಡು ತುಂಡು, ಸುಮ್ಮನೆ ಮೇಲಿಡುವಂಥದ್ದು, ಒಂದೊಂದೂ 1 ಕಿಲೋ. ನಾಲ್ಕೂ ಪಕ್ಕದಲ್ಲಿ ಗಾಳಿಗಿಂಡಿ ಕೊರೆದಿದ್ದೇನೆ. ಎತ್ತರ 14 ಇಂಚು, ನಿಲ್ಲಲು ಕಲಿತ ಮಗು ಅಂಚು ಹಿಡಿದು ಒಳಗೆ ಇಣುಕುವಷ್ಟು.

ಕೊನೆಗೆ ಉಳಿದದ್ದು ಹೊಳಪು. ಕೂಸು ಅಂಚನ್ನು ಕಚ್ಚದೆ ಬಿಡುವುದಿಲ್ಲ, ಹಾಗಾಗಿ ಅರಗು. ಬೇರೇನನ್ನೂ ಬೆರೆಸದ ಒಳ್ಳೆಯ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ತೆಳ್ಳಗೆ ಆರು ಸಲ ಸವರಿದೆ. ಸ್ಪಿರಿಟು ಆರಿಹೋಗುತ್ತದೆ, ಅರಗು ಉಳಿಯುತ್ತದೆ. ಮಾತ್ರೆಗಳ ಮೇಲಿನ ಹೊಳಪಿಗೂ ಇದನ್ನು ಬಳಸುತ್ತಾರೆ. ಚಾರ್‌ಮಿನಾರ್ ಪಕ್ಕದ ಲಾಡ್ ಬಜಾರಿನಲ್ಲಿ ಕೆಂಡದ ಮೇಲೆ ಕರಗಿಸಿ ಬಳೆ ಮಾಡುವುದು ಇದೇ ಅರಗನ್ನು. ಚನ್ನಪಟ್ಟಣದ ಗೊಂಬೆಯ ಬಣ್ಣದಲ್ಲಿರುವುದೂ ಇದೇ. ಮುತ್ತುಗದಂಥ ಮರಗಳ ಕೊಂಬೆಗೆ ಅಂಟಿ ಕೂತ ಸಾಸಿವೆ ಗಾತ್ರದ ಹುಳು ತನ್ನ ಮೇಲೆ ಸುರಿಸಿಕೊಂಡ ಹೊದಿಕೆ ಅದು. ಆ ಹುಳು ತನಗೂ, ತನ್ನ ಮರಿಗಳಿಗೂ ಎಂದು ಕಟ್ಟಿಕೊಂಡ ಗೂಡು.

ಪೆಟ್ಟಿಗೆ ಮುಗಿದಿದೆ. ಅಗುಳಿಯ ತಗ್ಗನ್ನು ಹಾಗೇ ಉಳಿಸಿ ಮುಂದಿನ ಪಕ್ಕಕ್ಕೆ ತಂದಿದ್ದೇನೆ, ಕೂಸಿನ ಬೆರಳಿಗೆ ಸಿಗುವ ಹಾಗೆ. ಹೆಂಡತಿಯ ಕರಾರಿನಂತೆ ಅದು ಉಸ್ತಾದರ ಅಂಗಡಿಯಲ್ಲೇ, ಹಳೆಯ ಚಾದರ ಹೊದ್ದು ಮೂಲೆಯಲ್ಲಿದೆ. ಡಾಕ್ಟರು ಕೊಟ್ಟ ದಿನಕ್ಕೆ ಇನ್ನು 19 ದಿನ.