ಕರ್ಣ ಎಂತ ಹೇಳಿದ?

ಕಳೆದ ಆಟಿಯಲ್ಲಿ ಕಡಬದ ಹತ್ತಿರ ನೆಂಟರ ಮನೆಯಲ್ಲಿ ತಾಳಮದ್ದಳೆ ಇತ್ತು. ಪ್ರಸಂಗ ಕರ್ಣಭೇದನ. ಅಪ್ಪನಿಗೆ ಈಗ ಕಿವಿ ಮಂದ. ಚೆಂಡೆ, ಪದ್ಯ ಹೇಗೋ ಮುಟ್ಟುತ್ತದೆ, ಅರ್ಥ ಮಾತ್ರ ತಪ್ಪಿಹೋಗುತ್ತದೆ. ಹಾಗಾಗಿ ಪುತ್ತೂರಿನಿಂದ ಅವರನ್ನು ಕರೆದುಕೊಂಡು ಹೋದ ನನಗೆ ಒಂದೇ ಕೆಲಸ: ಮುಖ್ಯವಾದ ಮಾತು ಬಂದಾಗ ಅವರ ಕಿವಿಯ ಹತ್ತಿರ ಹೇಳುವುದು.

ನೀನು ಕುಂತಿಯ ಮಗ ಎಂದು ಕೃಷ್ಣ ಗುಟ್ಟು ಒಡೆದ. ಕರ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಗ ನನಗೊಂದು ಸಂಶಯ, ಇದು ಭಾರತದ ಯಾವ ಪರ್ವದಲ್ಲಿ ಬರುತ್ತದೆ? ಮೊಬೈಲು ತೆಗೆದೆ. ಉದ್ಯೋಗಪರ್ವ. ಅಷ್ಟಕ್ಕೇ ಮುಗಿಯಬೇಕಿತ್ತಲ್ಲ? ಮೇಲಿಂದ ವಾಟ್ಸಾಪು ಇಣುಕಿತು, ಅಡಿಕೆ ರೇಟು. ಅದರ ಕೆಳಗೆ ಯಾರದೋ ಜಗಳ. ತಲೆ ಎತ್ತುವಾಗ ಪಕ್ಕದವರು ಕಣ್ಣೊರೆಸಿಕೊಳ್ಳುತ್ತಿದ್ದರು.

"ಕರ್ಣ ಎಂತ ಹೇಳಿದ?" ಅಪ್ಪ ಕೇಳಿದರು.

ಮರೆವಿನ ಬಗ್ಗೆ ನನಗೆ ಅಂಥ ಹೆದರಿಕೆ ಇಲ್ಲ. ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದರು: ಟೈಪ್ ಮಾಡಿದ್ದು ಕಂಪ್ಯೂಟರಿನಲ್ಲಿ ಉಳಿಯುತ್ತದೆ ಎಂದು ನಂಬಿದವರು, ಅಳಿಸಿಹೋಗುತ್ತದೆ ಎಂದುಕೊಂಡವರಿಗಿಂತ ಕಡಿಮೆ ನೆನಪಿಟ್ಟುಕೊಂಡರು ಅಂತ. ಇರಲಿ. ಬರವಣಿಗೆ ಬಂದರೆ ಮರೆವು ಹೆಚ್ಚುತ್ತದೆ ಎಂದು ಪ್ಲೇಟೋ ಬರೆದ ಸಂವಾದದಲ್ಲಿ ಸಾಕ್ರೆಟಿಸನೂ ಹೇಳುತ್ತಾನೆ. ಆ ಮಾತು ಕೇಳಿದ್ದರೆ ನಮ್ಮ ಪುತ್ತೂರಿನಲ್ಲಿ ಕೂತು ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆಯುವುದುಂಟಾ? ಪರ್ವದ ಹೆಸರು ಮೊಬೈಲಿನಲ್ಲೇ ಇರಲಿ ಮಾರಾಯ್ರೆ, ಎಂತ ನಷ್ಟ? ಇಂಟರ್ನೆಟ್ಟನ್ನು ಬೈಯಲೂ ಬಾಯಿ ಬರುವುದಿಲ್ಲ. 2021ರ ಮಳೆಯಲ್ಲಿ ಸುಳ್ಯ ತಾಲೂಕಿನ ರಸ್ತೆಬದಿಯಲ್ಲಿ, ಮಗಳ ಆನ್‌ಲೈನ್ ಕ್ಲಾಸಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ನೀವೂ ನೋಡಿರಬಹುದು.

ಆದರೆ ಕಾರಂತರ ಪುಸ್ತಕ ಬಿಡಿಸಿದರೆ ನಡುವೆ ಅಡಿಕೆ ರೇಟು ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಆ ಅರ್ಥಧಾರಿಯ ಮೌನ. ತಾಳಮದ್ದಳೆಯಲ್ಲಿ ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಿನವನ ಮಾತು ಕೊನೆಯವರೆಗೆ ಕೇಳಬೇಕು, ಉತ್ತರ ಅಲ್ಲೇ ಹುಟ್ಟಬೇಕು. ಎಷ್ಟು ಓದಿದ್ದರೂ ಅದು ಒಳಗೆ ಕೂತಿರದಿದ್ದರೆ ಆ ಹೊತ್ತಿಗೆ ನಾಲಗೆಗೆ ಬರುವುದಿಲ್ಲ. ಅವರು ಅಲ್ಲಿ ಸುಮ್ಮನಿದ್ದದ್ದು ಯೋಚಿಸಲಿಕ್ಕೆ. ಹೆಚ್ಚೆಂದರೆ ಅರ್ಧ ನಿಮಿಷ. ಇನ್ನೊಬ್ಬ ಯೋಚಿಸುವ ಅರ್ಧ ನಿಮಿಷ ನನಗೆ ತಡೆಯಲಿಲ್ಲ! ಸತ್ಯ ಹೇಳುವುದಾದರೆ ಪರ್ವದ ಸಂಶಯ ಬರೀ ನೆವ. ಸುಮ್ಮನೆ ಕೂತಾಗ ಕೈ ತನ್ನಷ್ಟಕ್ಕೆ ಕಿಸೆಗೆ ಹೋಗುತ್ತದೆ, ಕಾರಣ ಆಮೇಲೆ ಹುಟ್ಟುತ್ತದೆ. ನಿಮಗೂ ಹೀಗೆ ಆಗುವುದುಂಟಾ, ಗೊತ್ತಿಲ್ಲ.

ಅಪ್ಪ ಕಾಯುತ್ತಿದ್ದರು. "ದುರ್ಯೋಧನನ ಋಣ ಉಂಟು, ಬಿಟ್ಟು ಬರುವುದಿಲ್ಲ ಅಂದ" ಎಂದೆ. ಸುಳ್ಳೂ ಅಲ್ಲ, ಎಲ್ಲಾ ಕರ್ಣರೂ ಹೇಳುವುದು ಅದನ್ನೇ.

ಅಪ್ಪ ಪಕ್ಕದವರ ಮುಖ ನೋಡಿದರು. ಮತ್ತೆ ನನ್ನ ಮುಖ ನೋಡಿದರು.

"ಅಷ್ಟಕ್ಕೆ ಅವರು ಅಳುವುದಾ?"